ಸ್ಮೂತ್ ಆಗಿಯೂ ಓಡಬೇಕು, ಲ್ಯಾಗೂ ಇರಬಾರದು: ಹೈ ರಿಫ್ರೆಶ್ ಮಾನಿಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

144, 165, 240 ಹರ್ಟ್ಸ್ ಮಾನಿಟರ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಪರದೆಯ ಚಿತ್ರ ಬದಲಿಸುವ ಮಾನಿಟರ್, ಕೊಂಡವರು ಮೊದಲ ವಾರದಲ್ಲೇ ಸೆಟ್ಟಿಂಗ್ಸ್ ಮೆನುವಿನೊಳಗೆ ದಾರಿ ತಪ್ಪುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಕೊಡುವ ಚಿತ್ರಗಳನ್ನು ಮಾನಿಟರ್‌ನ ವೇಗಕ್ಕೆ ಹೊಂದಿಸುವ ವಿ-ಸಿಂಕ್ ಆನ್ ಇಡಿ ಅಂತ ಒಬ್ಬರು, ಮುಟ್ಟಲೇಬೇಡಿ ಅಂತ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ, ಅದೇ ತೊಂದರೆ. ಇಲ್ಲಿರುವ ಉತ್ತರಗಳು ಮುಖ್ಯವಾಗಿ ವಿಂಡೋಸ್ ಪಿಸಿಯಲ್ಲಿ ಆಡುವವರಿಗೆ. ಕನ್ಸೋಲ್ ಮತ್ತು ಲ್ಯಾಪ್‌ಟಾಪ್ ವಿಷಯ ಕೊನೆಯ ಕಡೆ ಬರುತ್ತದೆ.

ಓದೋಕೆ ಟೈಮ್ ಇಲ್ಲ. ಏನು ಹಾಕಲಿ ಅಷ್ಟೇ ಹೇಳಿ.

ಮಾನಿಟರ್‌ನ ಮೆನುವಿನಲ್ಲಿ ಅಡಾಪ್ಟಿವ್ ಸಿಂಕ್ ಅಥವಾ ಫ್ರೀಸಿಂಕ್ ಆನ್ ಮಾಡಿ. ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಜಿ-ಸಿಂಕ್ ಅಥವಾ ಫ್ರೀಸಿಂಕ್ ಆನ್ ಮಾಡಿ. ಡ್ರೈವರ್‌ನಲ್ಲೇ ವಿ-ಸಿಂಕ್ ಆನ್, ಆಟದೊಳಗೆ ವಿ-ಸಿಂಕ್ ಆಫ್. ಆಟದಲ್ಲಿ ಲ್ಯಾಗ್ ಇಳಿಸುವ ರಿಫ್ಲೆಕ್ಸ್ (ಎನ್‌ವಿಡಿಯಾ) ಅಥವಾ ಆಂಟಿ-ಲ್ಯಾಗ್ 2 (ಎಎಂಡಿ) ಇದ್ದರೆ ಅದನ್ನೂ ಆನ್ ಮಾಡಿ. ರಿಫ್ಲೆಕ್ಸ್ ಇಲ್ಲದಿದ್ದರೆ ಎಫ್‌ಪಿಎಸ್ (ಆಟ ಸೆಕೆಂಡಿಗೆ ಕೊಡುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಮಿತಿಯನ್ನು ರಿಫ್ರೆಶ್ ರೇಟ್‌ಗಿಂತ (ಮಾನಿಟರ್‌ನ ಹರ್ಟ್ಸ್) ಸ್ವಲ್ಪ ಕೆಳಗೆ ಹಾಕಿ. 144 ಹರ್ಟ್ಸ್‌ಗೆ 138, 165ಕ್ಕೆ 157, 240ಕ್ಕೆ 224.

ಹತ್ತರಲ್ಲಿ ಒಂಬತ್ತು ಮಂದಿಗೆ ಇಷ್ಟು ಸಾಕು. ಹೀಗೆ ಯಾಕೆ ಅಂತ ಗೊತ್ತಾಗಬೇಕಿದ್ದರೆ ಮುಂದೆ ಓದಿ.

ಹೊಸ ಮಾನಿಟರ್ ಹಾಕಿದೆ. ಹಳೆಯದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣುತ್ತಿಲ್ಲವಲ್ಲ?

ವಿಂಡೋಸ್ ಅದನ್ನು ಇನ್ನೂ 60 ಹರ್ಟ್ಸ್‌ನಲ್ಲೇ ಓಡಿಸುತ್ತಿರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಹೋಗಿ ರಿಫ್ರೆಶ್ ರೇಟ್ ನೋಡಿ. ತಿಂಗಳುಗಟ್ಟಲೆ 60ರಲ್ಲೇ ಆಡಿ, "144 ಎಲ್ಲಾ ಸುಮ್ನೆ ಮಾರ್ಕೆಟಿಂಗ್" ಅನ್ನುವವರು ಕಮ್ಮಿ ಇಲ್ಲ.

ಪಟ್ಟಿಯಲ್ಲಿ 144 ಕಾಣಿಸದಿದ್ದರೆ ಕೇಬಲ್ ನೋಡಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸುವುದು ಒಳ್ಳೆಯದು. ಎನ್‌ವಿಡಿಯಾ ಕಾರ್ಡ್ ಇರುವವರಿಗೆ ಇನ್ನೊಂದು ಕಾರಣವೂ ಇದೆ. ಹಳೆಯ ಫ್ರೀಸಿಂಕ್ ಮಾನಿಟರ್‌ಗಳು ಎಚ್‌ಡಿಎಂಐ ಮೂಲಕ ಕೊಡುವ ಫ್ರೀಸಿಂಕ್ ಎಎಂಡಿ ಕಾರ್ಡ್‌ಗಳ ಜೊತೆ ಮಾತ್ರ ನಡೆಯುತ್ತದೆ. ಎನ್‌ವಿಡಿಯಾಗೆ ಡಿಸ್‌ಪ್ಲೇಪೋರ್ಟ್ ಬೇಕು, ಇಲ್ಲವೇ ಎಚ್‌ಡಿಎಂಐ 2.1ರ ವಿಆರ್‌ಆರ್ (ಎಫ್‌ಪಿಎಸ್‌ಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಸೌಲಭ್ಯ) ಬೇಕು. ಕೇಬಲ್ ಅನ್ನು ಮದರ್‌ಬೋರ್ಡ್‌ಗೆ ಚುಚ್ಚಿಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಿದ್ದೀರಿ ಅಂತಲೂ ಒಮ್ಮೆ ಹಿಂದೆ ಬಗ್ಗಿ ನೋಡಿಬಿಡಿ.

ಬಾಕ್ಸ್ ಮೇಲೆ 1 ಮಿಲಿಸೆಕೆಂಡ್ ಅಂತ ಇದೆ. ಹಾಗಾದರೆ ಲ್ಯಾಗ್ ಇಲ್ಲ ಅಂತ ತಾನೇ?

ಅಲ್ಲ. ಅದು ರೆಸ್ಪಾನ್ಸ್ ಟೈಮ್. ಒಂದು ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ಬದಲಾಗಲು ಹಿಡಿಯುವ ಹೊತ್ತು. ಅದು ಜಾಸ್ತಿಯಾದರೆ ಓಡುವ ವಸ್ತುಗಳ ಹಿಂದೆ ಬಾಲ ಕಾಣುತ್ತದೆ.

ಇನ್‌ಪುಟ್ ಲ್ಯಾಗ್ ಬೇರೆ. ನೀವು ಮೌಸ್ ಒತ್ತಿದ ಗಳಿಗೆಯಿಂದ ಅದರ ಫಲ ಪರದೆಯ ಮೇಲೆ ಕಾಣುವವರೆಗಿನ ಇಡೀ ಪ್ರಯಾಣ ಅದು. ಮೌಸ್ ಸಿಗ್ನಲ್ ಕಳಿಸಬೇಕು, ಆಟದ ಎಂಜಿನ್ ಅದನ್ನು ಓದಬೇಕು, ಸಿಪಿಯು ಫ್ರೇಮಿನ ಲೆಕ್ಕ ಹಾಕಬೇಕು, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಚಿತ್ರ ಬಿಡಿಸಬೇಕು. ಆ ಚಿತ್ರ ತನ್ನ ಸರದಿಗೆ ಕಾಯಬೇಕು. ಆಮೇಲೆ ಮಾನಿಟರ್ ಅದನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಬರೆಯಬೇಕು. ಒಳ್ಳೆಯ ಗೇಮಿಂಗ್ ಮಾನಿಟರ್‌ಗಳಲ್ಲಿ ಮಾನಿಟರ್‌ನ ಒಳಗೆ ಆಗುವ ತಡ ತುಂಬಾ ಸಣ್ಣದು. ದೊಡ್ಡ ತಡ ಆಗುವುದು ಮಧ್ಯದಲ್ಲಿ, ಫ್ರೇಮುಗಳು ಕಾಯುವ ಜಾಗದಲ್ಲಿ. ಈ ಪುಟದ ಅರ್ಧ ಉತ್ತರಗಳು ಆ ಕಾಯುವಿಕೆಯ ಬಗ್ಗೆಯೇ.

ಹೆಚ್ಚು ಹರ್ಟ್ಸ್ ಇದ್ದರೆ ಲ್ಯಾಗ್ ತಾನಾಗೇ ಕಮ್ಮಿಯಾಗುತ್ತದೆಯೇ?

ಹೌದು. ಆದರೆ ಲಾಭ ಮೇಲೆ ಹೋದಂತೆ ಸಣ್ಣದಾಗುತ್ತದೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ಇರುತ್ತದೆ. 144ರಲ್ಲಿ 6.9, 240ರಲ್ಲಿ 4.2, 360ರಲ್ಲಿ 2.8. 60ರಿಂದ 144ಕ್ಕೆ ಹಾರಿದರೆ ಸುಮಾರು 10 ಮಿಲಿಸೆಕೆಂಡ್ ಉಳಿತಾಯ. 240ರಿಂದ 360ಕ್ಕೆ ಹೋದರೆ ಒಂದೂವರೆಗಿಂತ ಕಮ್ಮಿ. ದುಡ್ಡಿನ ಲೆಕ್ಕ ಇದರ ಉಲ್ಟಾ ಓಡುತ್ತದೆ.

ವಿ-ಸಿಂಕ್ ಆನ್ ಮಾಡಿದರೆ ಮೌಸ್ ಭಾರ ಅನ್ನಿಸುತ್ತದೆ. ಯಾಕೆ?

ವಿ-ಸಿಂಕ್ ಹುಟ್ಟಿದ್ದು ಟೇರಿಂಗ್ ತಪ್ಪಿಸಲು. ಮಾನಿಟರ್ ಒಂದು ಚಿತ್ರವನ್ನು ಅರ್ಧ ಬರೆದಿರುವಾಗಲೇ ಜಿಪಿಯು ಹೊಸ ಚಿತ್ರ ಕೊಟ್ಟರೆ, ಮೇಲರ್ಧ ಹಳೆಯದು, ಕೆಳಗಿನರ್ಧ ಹೊಸದು ಆಗಿ ಪರದೆ ಅಡ್ಡಡ್ಡ ಹರಿದ ಹಾಗೆ ಕಾಣುತ್ತದೆ. ವಿ-ಸಿಂಕ್ ಅದಕ್ಕೆ ಬಿಡುವುದಿಲ್ಲ. ಮಾನಿಟರ್ ಪೂರ್ತಿ ಬರೆದು ಮುಗಿಸುವವರೆಗೆ ಹೊಸ ಫ್ರೇಮನ್ನು ತಡೆದು ನಿಲ್ಲಿಸುತ್ತದೆ.

ತೊಂದರೆ ಶುರುವಾಗುವುದು ಜಿಪಿಯು ಮಾನಿಟರ್‌ಗಿಂತ ವೇಗವಾಗಿದ್ದಾಗ. ದರ್ಶಿನಿಯಲ್ಲಿ ಗಿರಾಕಿಗಳು ಕೌಂಟರ್‌ಗೆ ಬರುವ ಮೊದಲೇ ಭಟ್ಟರು ಮೂರು ದೋಸೆ ಹುಯ್ದು ಸಾಲಾಗಿ ಇಟ್ಟರು ಅಂದುಕೊಳ್ಳಿ. ಯಾರಿಗೂ ದೋಸೆ ಇಲ್ಲ ಅನ್ನುವ ಮಾತೇ ಬರುವುದಿಲ್ಲ, ಆದರೆ ನಿಮ್ಮ ಕೈಗೆ ಬರುವುದು ಯಾವಾಗಲೂ ತಣ್ಣಗಾದದ್ದೇ. ವಿ-ಸಿಂಕ್‌ನಲ್ಲಿ ಫ್ರೇಮುಗಳೂ ಹೀಗೇ ಮೊದಲೇ ತಯಾರಾಗಿ ಸಾಲು ನಿಲ್ಲುತ್ತವೆ. ನೀವು ನೋಡುವ ಚಿತ್ರ ಸ್ವಲ್ಪ ಹೊತ್ತಿನ ಹಿಂದೆ ನೀವು ಮಾಡಿದ ಮೌಸ್ ಚಲನೆಯದ್ದು.

ಎರಡು ಫ್ರೇಮ್ ಕಾದರೆ 60 ಹರ್ಟ್ಸ್‌ನಲ್ಲಿ 33 ಮಿಲಿಸೆಕೆಂಡ್ ಹೋಯಿತು. ಅದೇ ಎರಡು ಫ್ರೇಮ್ 240 ಹರ್ಟ್ಸ್‌ನಲ್ಲಿ ಸುಮಾರು 8 ಮಿಲಿಸೆಕೆಂಡ್ ಅಷ್ಟೇ. ಹಾಗಾಗಿ ಹಳೆಯ 60 ಹರ್ಟ್ಸ್ ಕಾಲದ "ವಿ-ಸಿಂಕ್ ಅಂದರೆ ವಿಷ" ಅನ್ನುವ ಮಾತನ್ನು 240ಕ್ಕೆ ಹಾಗೇ ತಂದು ಅಂಟಿಸುವುದು ಸರಿಯಲ್ಲ. ಆದರೂ ತಪ್ಪಿಸಲು ಸುಲಭದ ದಾರಿ ಇರುವಾಗ 8 ಮಿಲಿಸೆಕೆಂಡ್ ಸುಮ್ನೆ ಯಾಕೆ ಕಳೆದುಕೊಳ್ಳಬೇಕು?

ಇನ್ನೊಂದು ಕಡೆ ಜಿಪಿಯು ನಿಧಾನ ಇದ್ದರೂ ಕಷ್ಟವೇ. ಎರಡೇ ಬಫರ್ (ಫ್ರೇಮ್ ಇಡುವ ಜಾಗ) ಇರುವ ವಿ-ಸಿಂಕ್‌ನಲ್ಲಿ ಒಂದು ಫ್ರೇಮ್ ಕೂದಲೆಳೆಯಷ್ಟು ತಡವಾದರೂ ಮುಂದಿನ ರಿಫ್ರೆಶ್‌ವರೆಗೆ ಕಾಯಬೇಕು. 60 ಇದ್ದದ್ದು ಏಕಾಏಕಿ 30ಕ್ಕೆ ಬೀಳುವುದು ಹೀಗೆ.

ಜಿ-ಸಿಂಕ್, ಫ್ರೀಸಿಂಕ್, ವಿಆರ್‌ಆರ್ ಎಲ್ಲಾ ಒಂದೇನಾ?

ಉಪಾಯ ಒಂದೇ. ಜಿಪಿಯು ಮಾನಿಟರ್‌ಗಾಗಿ ಕಾಯುವ ಬದಲು ಮಾನಿಟರ್ ಜಿಪಿಯುಗಾಗಿ ಕಾಯುತ್ತದೆ. ಫ್ರೇಮ್ ತಯಾರಾದ ಕೂಡಲೇ ರಿಫ್ರೆಶ್ ಶುರು. 97 ಎಫ್‌ಪಿಎಸ್ ಬಂದರೆ ಮಾನಿಟರ್ 97 ಹರ್ಟ್ಸ್‌ನಲ್ಲಿ ಓಡುತ್ತದೆ.

ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ತಂದಾಗ ಮಾನಿಟರ್‌ನೊಳಗೆ ಅದರದ್ದೇ ಆದ ಒಂದು ಮಾಡ್ಯೂಲ್ ಬೇಕಿತ್ತು, ಬೆಲೆಯೂ ಹಾಗೇ ಏರುತ್ತಿತ್ತು. 2014ರಲ್ಲಿ ವೆಸಾ ಸಂಸ್ಥೆ ಡಿಸ್‌ಪ್ಲೇಪೋರ್ಟ್‌ಗೆ ಅಡಾಪ್ಟಿವ್ ಸಿಂಕ್ ಸೇರಿಸಿತು, ಎಎಂಡಿಯ ಫ್ರೀಸಿಂಕ್ ಅದರ ಮೇಲೆ ನಿಂತಿತು. 2019ರ ಜನವರಿಯಲ್ಲಿ ಎನ್‌ವಿಡಿಯಾ ಕೂಡ ಮಣಿದು, ಅಂಥ ಮಾನಿಟರ್‌ಗಳಿಗೆ ಜಿ-ಸಿಂಕ್ ಕಂಪ್ಯಾಟಿಬಲ್ ಅಂತ ಬಾಗಿಲು ತೆರೆಯಿತು. ಈಗ ಯಾವ ಕಾರ್ಡ್ ಇದ್ದರೂ ಬಹುಪಾಲು ಗೇಮಿಂಗ್ ಮಾನಿಟರ್‌ಗಳಲ್ಲಿ ವಿಆರ್‌ಆರ್ ಸಿಗುತ್ತದೆ.

ಜಿ-ಸಿಂಕ್ ಇದ್ದ ಮೇಲೆ ವಿ-ಸಿಂಕ್ ಯಾಕೆ ಮತ್ತೆ ಆನ್ ಮಾಡಬೇಕು? ಲ್ಯಾಗ್ ಬರುವುದಿಲ್ಲವೇ?

ಅತಿ ಹೆಚ್ಚು ಜಗಳ ನಡೆಯುವ ಪ್ರಶ್ನೆ ಇದು.

ಎಫ್‌ಪಿಎಸ್ ಸರಾಸರಿ 130 ಇದ್ದರೂ ಪ್ರತಿ ಫ್ರೇಮ್ ಒಂದೇ ಸಮನೆ ಬರುವುದಿಲ್ಲ. ಒಂದು ಫ್ರೇಮ್ 9 ಮಿಲಿಸೆಕೆಂಡ್ ತಗೊಂಡರೆ ಅದರ ಹಿಂದಿನದು 5ರಲ್ಲೇ ಮುಗಿದುಬಿಡಬಹುದು. 144 ಹರ್ಟ್ಸ್ ಮಾನಿಟರ್‌ಗೆ ಒಂದು ಚಿತ್ರ ಬರೆಯಲು 6.9 ಮಿಲಿಸೆಕೆಂಡ್ ಬೇಕೇ ಬೇಕು. 5ರಲ್ಲಿ ಬಂದ ಫ್ರೇಮ್ ಎಲ್ಲಿ ಹೋಗಬೇಕು? ವಿ-ಸಿಂಕ್ ಆಫ್ ಇದ್ದರೆ ಬರೆಯುತ್ತಿರುವ ಚಿತ್ರದ ಮಧ್ಯೆ ನುಗ್ಗುತ್ತದೆ, ಪರದೆಯ ಕೆಳಭಾಗದಲ್ಲಿ ಸಣ್ಣ ಟೇರ್ ಕಾಣುತ್ತದೆ. ಆನ್ ಇದ್ದರೆ ಉಳಿದ ಎರಡು ಮಿಲಿಸೆಕೆಂಡ್ ತಡೆದು ನಿಲ್ಲುತ್ತದೆ, ಅಷ್ಟೇ.

ಅಂದರೆ ವಿಆರ್‌ಆರ್ ವ್ಯಾಪ್ತಿಯ ಒಳಗೆ ವಿ-ಸಿಂಕ್ ತನ್ನ ಹಳೆಯ ಚಾಳಿ ತೋರಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬೇಗ ಬಂದ ಫ್ರೇಮನ್ನು ಸ್ವಲ್ಪ ಹಿಡಿದಿಡುವ ಕಾವಲುಗಾರನ ಕೆಲಸ ಮಾತ್ರ. ಹಳೆಯ ಚಾಳಿ ಮತ್ತೆ ಶುರುವಾಗುವುದು ಎಫ್‌ಪಿಎಸ್ 144ರ ಚಾವಣಿಗೆ ತಲೆ ತಾಗಿದಾಗ. ಆಗ ವಿಆರ್‌ಆರ್‌ಗೆ ಕೆಲಸವಿಲ್ಲ, ಸಾಲು ಮತ್ತೆ ಬೆಳೆಯುತ್ತದೆ. ಅದಕ್ಕೇ ಎಫ್‌ಪಿಎಸ್ ಮಿತಿ ಬೇಕಾಗುವುದು. ಜಿ-ಸಿಂಕ್, ವಿ-ಸಿಂಕ್, ಮಿತಿ ಮೂರನ್ನೂ ಒಟ್ಟಿಗೆ ಹಾಕಿ. ಮಿತಿ ಬಿಟ್ಟು ಬರೀ ಎರಡನ್ನು ಹಾಕಿದವರೇ "ಜಿ-ಸಿಂಕ್‌ನಿಂದ ಲ್ಯಾಗ್ ಬರುತ್ತೆ" ಅಂತ ಹೇಳುತ್ತಾ ಓಡಾಡುವುದು.

138 ಅನ್ನುವ ಲೆಕ್ಕ ಎಲ್ಲಿಂದ ಬಂತು? 141 ಹಾಕಿದರೆ ಆಗಲ್ವಾ?

ಆಗುತ್ತದೆ. ಕನಿಷ್ಠ 3 ಎಫ್‌ಪಿಎಸ್ ಕೆಳಗಿರಲಿ ಅನ್ನುವುದು ಹಳೆಯ ರೂಢಿ, 144ರಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ರಿಫ್ರೆಶ್ ರೇಟ್ ಹೆಚ್ಚಾದಂತೆ 3 ಎಫ್‌ಪಿಎಸ್ ಅಂದರೆ ತೀರಾ ಸಣ್ಣ ಅಂತರ. 360 ಹರ್ಟ್ಸ್‌ನಲ್ಲಿ 357ಕ್ಕೆ ಮಿತಿ ಹಾಕಿದರೆ ಒಂದು ಫ್ರೇಮಿಗೆ ಸಿಗುವ ಬಿಡುವು ಮಿಲಿಸೆಕೆಂಡಿನ ನೂರರಲ್ಲಿ ಎರಡು ಭಾಗ ಮಾತ್ರ. ಅಷ್ಟು ನಿಖರವಾಗಿ ಯಾವ ಆಟವೂ ಫ್ರೇಮ್ ಕೊಡುವುದಿಲ್ಲ.

ರಿಫ್ರೆಶ್ ರೇಟನ್ನು ಅದರಿಂದಲೇ ಗುಣಿಸಿ, 3600ರಿಂದ ಭಾಗಿಸಿ, ಬಂದದ್ದನ್ನು ರಿಫ್ರೆಶ್ ರೇಟ್‌ನಿಂದ ಕಳೆಯಿರಿ. 144ಕ್ಕೆ 138 ಬರುತ್ತದೆ, 240ಕ್ಕೆ 224, 360ಕ್ಕೆ 324. ಜಿ-ಸಿಂಕ್ ಮತ್ತು ವಿ-ಸಿಂಕ್ ಎರಡೂ ಆನ್ ಇರುವಾಗ ರಿಫ್ಲೆಕ್ಸ್ ತಾನಾಗೇ ಹಾಕಿಕೊಳ್ಳುವ ಮಿತಿಯೂ ಇದರ ಆಸುಪಾಸಿನಲ್ಲೇ ಇರುತ್ತದೆ. ಆಡುವಾಗ ಎಫ್‌ಪಿಎಸ್ 138ಕ್ಕೆ ಅಂಟಿಕೊಂಡು ನಿಂತಿದ್ದರೆ ಗಾಬರಿ ಬೇಡ, ಎಲ್ಲಾ ಸರಿಯಾಗಿದೆ ಅನ್ನುವ ಗುರುತು ಅದು.

ಮಿತಿಯನ್ನು ಎಲ್ಲಿ ಹಾಕಬೇಕು?

ಮೊದಲು ಆಟದೊಳಗೆ ನೋಡಿ. ಆಟದ ಎಂಜಿನ್‌ಗೆ ಮಿತಿ ಗೊತ್ತಿದ್ದರೆ ಅದು ಮೌಸ್ ಓದುವ ಮೊದಲೇ ಕಾಯುತ್ತದೆ. ಹೊರಗಿನ ಮಿತಿಗಳು ಮೌಸ್ ಓದಿ ಆದಮೇಲೆ ತಡೆಯುತ್ತವೆ, ಹಾಗಾಗಿ ಸ್ವಲ್ಪ ಲ್ಯಾಗ್ ಸೇರುತ್ತದೆ. ಆಟದಲ್ಲಿ ಇಲ್ಲದಿದ್ದರೆ ಎನ್‌ವಿಡಿಯಾ ಡ್ರೈವರ್‌ನ ಮ್ಯಾಕ್ಸ್ ಫ್ರೇಮ್ ರೇಟ್ ಅಥವಾ ಆರ್‌ಟಿಎಸ್‌ಎಸ್ ಅನ್ನುವ ಸಾಫ್ಟ್‌ವೇರ್ ಬಳಸಿ. ಆರ್‌ಟಿಎಸ್‌ಎಸ್‌ನ ಫ್ರೇಮುಗಳು ತುಂಬಾ ಸಮನಾಗಿ ಬರುತ್ತವೆ. ಕಾರ್ ರೇಸಿಂಗ್, ಕಥೆ ಇರುವ ಒಂಟಿ ಆಟಗಾರನ ಆಟಗಳಿಗೆ ನಾನು ಅದನ್ನೇ ಆರಿಸುತ್ತೇನೆ. ಎಎಂಡಿಯವರಿಗೆ ರೇಡಿಯಾನ್ ಚಿಲ್ ಇದೆ. ಕನಿಷ್ಠ ಮತ್ತು ಗರಿಷ್ಠ ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಅದು ಮಿತಿಯ ಹಾಗೆ ಕೆಲಸ ಮಾಡುತ್ತದೆ.

ಎರಡು ಮೂರು ಕಡೆ ಒಟ್ಟಿಗೆ ಮಿತಿ ಹಾಕಬೇಡಿ. ಒಂದಕ್ಕೊಂದು ಕಚ್ಚಾಡಿ ಸ್ಟಟರ್ (ಚಿತ್ರ ತಡೆತಡೆದು ಓಡುವುದು) ಬರುತ್ತದೆ.

ನನ್ನ ಜಿಪಿಯು ಯಾವಾಗಲೂ 99 ಪರ್ಸೆಂಟ್ ಓಡುತ್ತಿರುತ್ತದೆ. ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ, ಒಳ್ಳೆಯದೇ ಅಲ್ವಾ?

ಬೆಂಚ್‌ಮಾರ್ಕ್‌ಗೆ ಒಳ್ಳೆಯದು, ಕೈಗೆ ಒಳ್ಳೆಯದಲ್ಲ.

ಜಿಪಿಯು ತುಂಬಿ ತುಳುಕುತ್ತಿರುವಾಗ ಸಿಪಿಯು ಅದಕ್ಕಿಂತ ಮುಂದೆ ಓಡುತ್ತದೆ. ಮುಂದಿನ ಫ್ರೇಮುಗಳ ಲೆಕ್ಕ ಮುಗಿಸಿ ಜಿಪಿಯು ಬಾಗಿಲಲ್ಲಿ ಇಟ್ಟುಬಿಡುತ್ತದೆ. ಆ ಫ್ರೇಮುಗಳಲ್ಲಿರುವುದು ಆ ಹೊತ್ತಿನ ಮೌಸ್ ಚಲನೆ. ಜಿಪಿಯು ಅದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ನಿಮ್ಮ ಕೈ ಬೇರೆಲ್ಲೋ ಇರುತ್ತದೆ. ವಿ-ಸಿಂಕ್ ಪೂರ್ತಿ ಆಫ್ ಇದ್ದರೂ ಈ ಲ್ಯಾಗ್ ಬರುತ್ತದೆ. "ವಿ-ಸಿಂಕ್ ತೆಗೆದರೂ ಭಾರ ಹೋಗಲಿಲ್ಲ" ಅನ್ನುವವರಲ್ಲಿ ಬಹಳ ಮಂದಿಯ ಕಾಯಿಲೆ ಇದೇ.

ಹಾಗಾಗಿ ವಿಚಿತ್ರ ಅನ್ನಿಸಿದರೂ ಒಂದು ಮಾತು ನಿಜ. 99 ಪರ್ಸೆಂಟ್ ಲೋಡ್‌ನಲ್ಲಿ 120 ಎಫ್‌ಪಿಎಸ್ ಓಡುವುದಕ್ಕಿಂತ, 110ಕ್ಕೆ ಮಿತಿ ಹಾಕಿ ಜಿಪಿಯುಗೆ ಸ್ವಲ್ಪ ಉಸಿರಾಡಲು ಬಿಟ್ಟರೆ ಲ್ಯಾಗ್ ಕಮ್ಮಿ ಆಗಬಹುದು. ಇಲ್ಲವೇ ಶ್ಯಾಡೋ, ವಾಲ್ಯೂಮೆಟ್ರಿಕ್ ಫಾಗ್‌ನಂಥ ಭಾರದ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ. ಆಡುವಾಗ ಜಿಪಿಯು 90ರಿಂದ 95ರೊಳಗೆ ಇರುವಂತೆ ನೋಡಿಕೊಳ್ಳಿ. ಯಾವುದೇ ಮಾಂತ್ರಿಕ ಟ್ವೀಕ್‌ಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಯೂಟ್ಯೂಬ್‌ನಲ್ಲಿ ರಿಜಿಸ್ಟ್ರಿ ತಿದ್ದಿ ಅಂತ ಹೇಳುವ ವಿಡಿಯೋಗಳನ್ನು ಅದಕ್ಕೂ ಮೊದಲು ಮುಟ್ಟಬೇಡಿ. ಅದಾದ ಮೇಲೂ ಮುಟ್ಟಬೇಡಿ, ಬಿಡಿ.

ರಿಫ್ಲೆಕ್ಸ್, ಆಂಟಿ-ಲ್ಯಾಗ್, ಲೋ ಲೇಟೆನ್ಸಿ ಮೋಡ್ ಇವುಗಳಲ್ಲಿ ಯಾವುದು?

ಆಟದ ಮೆನುವಿನಲ್ಲಿ ರಿಫ್ಲೆಕ್ಸ್ ಕಂಡರೆ ಅದೇ. 2020ರಲ್ಲಿ ಬಂದ ಇದು ಆಟದ ಒಳಗೇ ಸೇರಿಕೊಂಡಿರುತ್ತದೆ. ಸಿಪಿಯು ಬೇಗ ಓಡದಂತೆ ತಡೆದು, ಜಿಪಿಯುಗೆ ಬೇಕಾದ ಹೊತ್ತಿಗೆ ಸರಿಯಾಗಿ ಫ್ರೇಮ್ ಶುರು ಮಾಡಿಸುತ್ತದೆ. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಸಾಲು ಇಲ್ಲಿ ನಿಲ್ಲುವುದೇ ಇಲ್ಲ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2, ಅಪೆಕ್ಸ್ ಲೆಜೆಂಡ್ಸ್, ಫೋರ್ಟ್‌ನೈಟ್‌ಗಳಲ್ಲಿ ಇದೆ. "ಆನ್ ಪ್ಲಸ್ ಬೂಸ್ಟ್" ಅನ್ನುವುದು ಜಿಪಿಯು ವೇಗ ಇಳಿಯದಂತೆ ಹಿಡಿದಿಡುತ್ತದೆ. ಸಿಪಿಯು ಕಡೆಯಿಂದ ಅಡಚಣೆ ಇರುವ ಆಟಗಳಲ್ಲಿ ಚೂರು ಲಾಭ, ಕರೆಂಟ್ ಖರ್ಚು ಮಾತ್ರ ಜಾಸ್ತಿ. ಬರೀ "ಆನ್" ಸಾಕು.

ಡ್ರೈವರ್‌ನ ಲೋ ಲೇಟೆನ್ಸಿ ಮೋಡ್ ಹೊರಗಿನಿಂದ ಮಾಡುವ ಪ್ರಯತ್ನ. ಡೈರೆಕ್ಟ್‌ಎಕ್ಸ್ 11ರ ಹಳೆಯ ಆಟಗಳಿಗೆ ಉಪಯೋಗ. ಡೈರೆಕ್ಟ್‌ಎಕ್ಸ್ 12ರಲ್ಲಿ ಸಾಲನ್ನು ಆಟವೇ ನೋಡಿಕೊಳ್ಳುವುದರಿಂದ ಡ್ರೈವರ್‌ನ ಮಾತು ಅಷ್ಟಾಗಿ ನಡೆಯುವುದಿಲ್ಲ.

ಎಎಂಡಿ ಕಡೆ ಒಂದು ಕಥೆ ಇದೆ. 2023ರಲ್ಲಿ ಆಂಟಿ-ಲ್ಯಾಗ್ ಪ್ಲಸ್ ಅನ್ನು ಡ್ರೈವರ್‌ನಿಂದಲೇ ಆಟದ ಕೋಡ್‌ನೊಳಗೆ ತೂರಿಸಿದರು. ಕೌಂಟರ್-ಸ್ಟ್ರೈಕ್ 2ರ ಕಳ್ಳಾಟ ಹಿಡಿಯುವ ವ್ಯವಸ್ಥೆ ಅದನ್ನು ಚೀಟ್ ಅಂತ ತಿಳಿದು ಆಟಗಾರರನ್ನು ಬ್ಯಾನ್ ಮಾಡಿತು. ಅಕ್ಟೋಬರ್‌ನಲ್ಲಿ ಎಎಂಡಿ ಅದನ್ನು ವಾಪಸ್ ತಗೊಂಡಿತು. 2024ರಲ್ಲಿ ಬಂದ ಆಂಟಿ-ಲ್ಯಾಗ್ 2 ಆಟ ತಯಾರಿಸುವವರೇ ಸೇರಿಸಬೇಕಾದ್ದು, ಹಾಗಾಗಿ ಈ ಭಯ ಇಲ್ಲ.

ನಾನು ಸ್ಪರ್ಧೆಗೆ ಆಡುತ್ತೇನೆ. 144 ಹರ್ಟ್ಸ್‌ನಲ್ಲಿ 400 ಎಫ್‌ಪಿಎಸ್ ಬಿಟ್ಟುಬಿಡುವುದೇ ಒಳ್ಳೆಯದಲ್ಲವೇ?

ಲ್ಯಾಗ್ ಒಂದನ್ನೇ ನೋಡಿದರೆ ಹೌದು. ಎಲ್ಲಾ ಸಿಂಕ್ ಆಫ್ ಮಾಡಿ, ಮಿತಿ ತೆಗೆದು, 400 ಎಫ್‌ಪಿಎಸ್ ಓಡಿಸಿದರೆ ಪರದೆಯ ಪ್ರತಿ ಭಾಗದಲ್ಲೂ ಅತ್ಯಂತ ಹೊಸ ಚಿತ್ರದ ತುಂಡು ಇರುತ್ತದೆ. ಲ್ಯಾಗ್ ತುಂಬಾ ಕಮ್ಮಿಯಾಗುತ್ತದೆ. ಬದಲಿಗೆ ಟೇರಿಂಗ್ ಇರುತ್ತದೆ, ಆದರೆ ಅಷ್ಟು ಎಫ್‌ಪಿಎಸ್‌ನಲ್ಲಿ ಒಂದೊಂದು ಟೇರ್ ಸಣ್ಣದು, ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ವಿಆರ್‌ಆರ್ ಮತ್ತು 138ರ ಮಿತಿಗೆ ಹೋಲಿಸಿದರೆ ಲಾಭ ಕೆಲವೇ ಮಿಲಿಸೆಕೆಂಡ್. ಕಂಡದ್ದಕ್ಕೆ ಕೈ ಒತ್ತಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ. ಸಮಬಲದ ಇಬ್ಬರು ಎದುರಾದಾಗ ಆ ಕೆಲವು ಮಿಲಿಸೆಕೆಂಡೂ ಲೆಕ್ಕಕ್ಕೆ ಬರಬಹುದು, ಇಲ್ಲ ಅನ್ನುವುದಿಲ್ಲ. ವ್ಯಾಲೊರಂಟ್‌ನಂಥ ಹಗುರ ಆಟದಲ್ಲಿ ಎಫ್‌ಪಿಎಸ್ ರಿಫ್ರೆಶ್ ರೇಟ್‌ನ ಎರಡರಷ್ಟಕ್ಕಿಂತ ಮೇಲೆ ಸದಾ ನಿಲ್ಲುವುದಾದರೆ ಬಿಟ್ಟುಬಿಡಿ. 110ಕ್ಕೂ 180ಕ್ಕೂ ಮಧ್ಯೆ ತೂಗಾಡುತ್ತಿದ್ದರೆ ವಿಆರ್‌ಆರ್ ಹಾಕಿ. ಪದೇ ಪದೇ ಬದಲಾಗುವ ಲ್ಯಾಗ್‌ಗಿಂತ ಒಂದೇ ಸಮನಾದ ಲ್ಯಾಗ್‌ಗೆ ಕೈ ಬೇಗ ಒಗ್ಗುತ್ತದೆ.

144 ಎಫ್‌ಪಿಎಸ್ ಓಡುತ್ತಿದೆ, ಟೇರಿಂಗ್ ಇಲ್ಲ. ಆದರೂ ಓಡುವಾಗ ಚಿತ್ರ ಮಸುಕು. ಯಾಕೆ?

ನಿಮ್ಮ ಕಣ್ಣು ಚಲಿಸುತ್ತಿದೆ, ಚಿತ್ರ ನಿಂತಿದೆ. ಎಲ್‌ಸಿಡಿ ಇರಲಿ ಒಎಲ್‌ಇಡಿ ಇರಲಿ, ಒಂದು ಫ್ರೇಮ್ ಬಂದರೆ ಮುಂದಿನದು ಬರುವವರೆಗೆ ಹಾಗೇ ಬೆಳಗುತ್ತಾ ನಿಂತಿರುತ್ತದೆ. ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸುವಾಗ ನಿಂತ ಚಿತ್ರ ರೆಟಿನಾ ಮೇಲೆ ಎಳೆದಂತಾಗುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತು 60 ಹರ್ಟ್ಸ್‌ನಲ್ಲಿ 16 ಪಿಕ್ಸೆಲ್ ಹರಡಿಕೊಳ್ಳುತ್ತದೆ, 120ರಲ್ಲಿ 8, 240ರಲ್ಲಿ 4. ಪಿಕ್ಸೆಲ್ ಎಷ್ಟೇ ಬೇಗ ಬಣ್ಣ ಬದಲಿಸಿದರೂ ಈ ಮಸುಕು ಹೋಗುವುದಿಲ್ಲ.

ಹೋಗಿಸಲು ದಾರಿ ಎರಡು. ಒಂದು, ಇನ್ನೂ ಹೆಚ್ಚು ಎಫ್‌ಪಿಎಸ್ ಮತ್ತು ಹರ್ಟ್ಸ್. ಎರಡನೆಯದು ಸ್ಟ್ರೋಬಿಂಗ್. ಇದರಲ್ಲಿ ಬ್ಯಾಕ್‌ಲೈಟ್ ಸದಾ ಉರಿಯುವ ಬದಲು ಪ್ರತಿ ಫ್ರೇಮಿಗೆ ಒಮ್ಮೆ ಮಿನುಗಿ ಆರುತ್ತದೆ. ಎನ್‌ವಿಡಿಯಾದ ಯುಎಲ್‌ಎಂಬಿ, ಬೆನ್‌ಕ್ಯೂನ ಡಯಾಕ್, ಬೇರೆ ಕಂಪನಿಗಳ ಮೋಷನ್ ಬ್ಲರ್ ರಿಡಕ್ಷನ್ ಎಲ್ಲಾ ಇದೇ. 1 ಮಿಲಿಸೆಕೆಂಡ್ ಮಿನುಗಿದರೆ ಅದೇ ವಸ್ತುವಿನ ಮಸುಕು ಸುಮಾರು ಒಂದು ಪಿಕ್ಸೆಲ್‌ಗೆ ಇಳಿಯುತ್ತದೆ. ಮೊದಲ ಸಲ ನೋಡಿದವರು ನಿಜಕ್ಕೂ ಬೆರಗಾಗುತ್ತಾರೆ, ಓಡುವ ಅಕ್ಷರಗಳನ್ನೂ ಓದಬಹುದು.

ಆದರೆ ಬೆಲೆ ಕೊಡಬೇಕು. ಪರದೆಯ ಬೆಳಕು ಕುಗ್ಗುತ್ತದೆ. ಎಫ್‌ಪಿಎಸ್ ಮತ್ತು ಹರ್ಟ್ಸ್ ಒಂದೇ ಇರಬೇಕು, ಇಲ್ಲದಿದ್ದರೆ ಎರಡೆರಡು ಚಿತ್ರ ಕಾಣುತ್ತವೆ. ಹಾಗೆ ಹೊಂದಿಸಲು ಸಾಮಾನ್ಯವಾಗಿ ವಿ-ಸಿಂಕ್ ಬೇಕು, ಅದರ ಲ್ಯಾಗ್ ಬರುತ್ತದೆ. ಬ್ಯಾಕ್‌ಲೈಟ್ ಕೂಡ ಚಿತ್ರ ಪೂರ್ತಿ ಬರೆದಾಗುವವರೆಗೆ ಕಾದು ಮಿನುಗುವುದರಿಂದ ಅದರದ್ದೊಂದು ಸಣ್ಣ ತಡ. ಹೆಚ್ಚಿನ ಮಾನಿಟರ್‌ಗಳಲ್ಲಿ ಸ್ಟ್ರೋಬಿಂಗ್ ಮತ್ತು ವಿಆರ್‌ಆರ್ ಒಟ್ಟಿಗೆ ನಡೆಯುವುದಿಲ್ಲ. ಏಸೂಸ್ 2019ರಲ್ಲಿ ಎರಡನ್ನೂ ಒಂದುಗೂಡಿಸಿ ತಂದಿತು, ಎನ್‌ವಿಡಿಯಾ 2024ರಲ್ಲಿ ಪಲ್ಸರ್ ಅನ್ನು ತೋರಿಸಿತು. ಕೆಲವರಿಗೆ ಈ ಮಿನುಗಿನಿಂದ ತಲೆನೋವೂ ಬರುತ್ತದೆ. ನಿಮಗೆ ಹಾಗಾದರೆ ಒಗ್ಗಿಕೊಳ್ಳುತ್ತೇನೆ ಅಂತ ಹಠ ಹಿಡಿಯಬೇಡಿ, ಆಫ್ ಮಾಡಿ.

ಇನ್ನೊಂದು ವಿಷಯ. ಜಾಹೀರಾತಿನಲ್ಲಿ "1 ಮಿಲಿಸೆಕೆಂಡ್ ಎಂಪಿಆರ್‌ಟಿ" ಅಂತ ಇದ್ದರೆ ಅದು ಸ್ಟ್ರೋಬಿಂಗ್ ಆನ್ ಮಾಡಿದಾಗಿನ ಲೆಕ್ಕ. "ಜಿಟಿಜಿ" ಅಂತ ಇದ್ದರೆ ಪಿಕ್ಸೆಲ್ ಬಣ್ಣ ಬದಲಿಸುವ ಲೆಕ್ಕ. ಎರಡೂ ಬೇರೆ ಬೇರೆ.

ಓವರ್‌ಡ್ರೈವ್ ಎಷ್ಟಕ್ಕೆ ಇಡಲಿ?

ಮಧ್ಯಕ್ಕೆ. ಓವರ್‌ಡ್ರೈವ್ ಅಂದರೆ ಪಿಕ್ಸೆಲ್ ಬೇಗ ಬಣ್ಣ ಬದಲಿಸುವಂತೆ ತಳ್ಳುವ ಮಾನಿಟರ್ ಸೆಟ್ಟಿಂಗ್. ಕೊನೆಯ ಮೆಟ್ಟಿಲು, ಅದಕ್ಕೆ ಎಕ್ಸ್‌ಟ್ರೀಮ್ ಅಂತಲೋ ಫಾಸ್ಟೆಸ್ಟ್ ಅಂತಲೋ ಹೆಸರಿರುತ್ತದೆ, ಅದು ಬಾಕ್ಸ್ ಮೇಲೆ 1 ಮಿಲಿಸೆಕೆಂಡ್ ಬರೆಯಲು ಮಾತ್ರ ಇರುವುದು. ಅಲ್ಲಿ ಪಿಕ್ಸೆಲ್ ಗುರಿ ದಾಟಿ ಹೋಗಿ ವಾಪಸ್ ಬರುತ್ತದೆ, ವಸ್ತುಗಳ ಹಿಂದೆ ಬಿಳಿಚಿದ ಅಂಚು ಕಾಣುತ್ತದೆ. 144ರಲ್ಲಿ ಚೆನ್ನಾಗಿರುವ ಓವರ್‌ಡ್ರೈವ್ 70 ಎಫ್‌ಪಿಎಸ್‌ಗೆ ಇಳಿದಾಗ ಅತಿಯಾಗಬಹುದು, ವಿಆರ್‌ಆರ್ ಬಳಸುವವರು ಇದನ್ನು ನೋಡಿಕೊಳ್ಳಿ. ವಿಎ ಪ್ಯಾನೆಲ್‌ಗಳಲ್ಲಿ (ಎಲ್‌ಸಿಡಿಯ ಒಂದು ಬಗೆ) ಕತ್ತಲ ದೃಶ್ಯಗಳಲ್ಲಿ ಬರುವ ಕಪ್ಪು ಎಳೆತ ಓವರ್‌ಡ್ರೈವ್‌ನಿಂದ ಪೂರ್ತಿ ಹೋಗುವುದಿಲ್ಲ.

ಒಎಲ್‌ಇಡಿ ತಗೊಂಡರೆ ಈ ರಗಳೆ ಎಲ್ಲಾ ಮುಗಿಯುತ್ತದೆಯೇ?

ಓವರ್‌ಡ್ರೈವ್ ರಗಳೆ ಮುಗಿಯುತ್ತದೆ. ರೆಸ್ಪಾನ್ಸ್ ಟೈಮ್ 0.03 ಮಿಲಿಸೆಕೆಂಡ್ ಅಂತ ಕಂಪನಿಗಳು ಬರೆಯುತ್ತವೆ. ಬಾಲ ಅನ್ನುವುದು ಕಾಣುವುದೇ ಇಲ್ಲ. ಆದರೆ ನಿಂತ ಚಿತ್ರದ ಮಸುಕು ಇದ್ದೇ ಇರುತ್ತದೆ. ಎಫ್‌ಪಿಎಸ್ ಏರಿಳಿದಾಗ ಕತ್ತಲ ದೃಶ್ಯಗಳಲ್ಲಿ ಬೆಳಕು ಮಿಣಮಿಣ ಅನ್ನುವ ವಿಆರ್‌ಆರ್ ಫ್ಲಿಕರ್ ಒಎಲ್‌ಇಡಿಯ ದೊಡ್ಡ ದೂರು, ವಿಎ ಪ್ಯಾನೆಲ್‌ಗಳಲ್ಲೂ ಇದೆ. ಲೋಡಿಂಗ್ ಪರದೆಯಲ್ಲಿ ಎದ್ದು ಕಾಣುತ್ತದೆ. ಎಫ್‌ಪಿಎಸ್ ಅಲುಗಾಡದಂತೆ ಇನ್ನೂ ಕೆಳಗೆ ಮಿತಿ ಹಾಕಿದರೆ ಬಹುಮಟ್ಟಿಗೆ ಕಮ್ಮಿಯಾಗುತ್ತದೆ.

ಫ್ರೇಮ್ ಜನರೇಷನ್ ಹಾಕಿದೆ, 70 ಇದ್ದದ್ದು 130 ಆಯಿತು. ಲ್ಯಾಗ್ ಕೂಡ ಕಮ್ಮಿ ಆಯಿತಾ?

ಇಲ್ಲ, ಚೂರು ಜಾಸ್ತಿ ಆಯಿತು. ಎರಡು ನಿಜವಾದ ಫ್ರೇಮುಗಳ ಮಧ್ಯೆ ಒಂದನ್ನು ಕಲ್ಪಿಸಿ ತುಂಬಬೇಕಾದರೆ ಎರಡನೆಯ ಫ್ರೇಮ್ ಬಂದಿರಲೇಬೇಕು. ಅದನ್ನು ನಿಮಗೆ ತೋರಿಸದೆ ಹಿಡಿದಿಟ್ಟು, ಮೊದಲು ಕಲ್ಪಿಸಿದ್ದನ್ನು ತೋರಿಸುತ್ತಾರೆ. ಕಲ್ಪಿಸಿದ ಫ್ರೇಮಿನಲ್ಲಿ ನಿಮ್ಮ ಹೊಸ ಮೌಸ್ ಚಲನೆ ಇರುವುದಿಲ್ಲ. 2022ರಲ್ಲಿ ಬಂದ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಷನ್ ಜೊತೆಗೆ ರಿಫ್ಲೆಕ್ಸ್ ಕಡ್ಡಾಯ ಮಾಡಿದ್ದೇ ಈ ನಷ್ಟ ತುಂಬಲು. ಎಎಂಡಿಯ ಎಫ್‌ಎಸ್‌ಆರ್ 3 ಕೂಡ ಇದೇ ಉಪಾಯ.

ಕಣ್ಣಿಗೆ 130, ಕೈಗೆ ಅದರ ಅರ್ಧವಾದ 65ಕ್ಕಿಂತ ಚೂರು ಕಮ್ಮಿ. ನಿಧಾನವಾಗಿ ನೋಡುತ್ತಾ ಆಡುವ ಆಟಗಳಲ್ಲಿ, ಅದಿಲ್ಲದೆಯೂ 60ರ ಮೇಲೆ ಓಡುತ್ತಿದ್ದರೆ, ಖಂಡಿತ ಹಾಕಿ. 30 ಎಫ್‌ಪಿಎಸ್ ಓಡುವ ಆಟವನ್ನು ಇದರಿಂದ ಉಳಿಸಲು ಹೋದರೆ ಕಣ್ಣಿಗೆ ಮಾತ್ರ ಹಬ್ಬ, ಮೌಸ್ ಕೆಸರಲ್ಲಿ ಎಳೆದ ಹಾಗಿರುತ್ತದೆ. ಗುಂಡು ಹಾರಿಸುವ ಸ್ಪರ್ಧೆಯ ಆಟಗಳಿಗೆ ಬೇಡ.

ಎಫ್‌ಪಿಎಸ್ 48ಕ್ಕಿಂತ ಕೆಳಗೆ ಬಿದ್ದರೆ ವಿಆರ್‌ಆರ್ ಕೈಕೊಡುತ್ತದೆಯೇ?

ವ್ಯಾಪ್ತಿ 48ರಿಂದ 144 ಅಂತಿದ್ದರೆ ತೊಂದರೆಯಿಲ್ಲ. 40 ಎಫ್‌ಪಿಎಸ್ ಬಂದಾಗ ಪ್ರತಿ ಫ್ರೇಮನ್ನು ಎರಡು ಸಲ ತೋರಿಸಿ ಮಾನಿಟರ್ 80 ಹರ್ಟ್ಸ್‌ನಲ್ಲಿ ಓಡುತ್ತದೆ. ಇದಕ್ಕೆ ಎಲ್‌ಎಫ್‌ಸಿ ಅಂತಾರೆ. 48ರಿಂದ 75 ಅನ್ನುವಂಥ ಅಗ್ಗದ ಮಾನಿಟರ್‌ಗಳಲ್ಲಿ ಎರಡು ಪಟ್ಟು ಮಾಡಲು ಜಾಗವೇ ಇಲ್ಲ, ಅಲ್ಲಿ ಕೈಕೊಡುತ್ತದೆ.

ಲ್ಯಾಪ್‌ಟಾಪ್ ಮತ್ತು ಪಿಎಸ್5ಗೂ ಇದೇ ಲೆಕ್ಕವೇ?

ಬಹುಪಾಲು. ಲ್ಯಾಪ್‌ಟಾಪ್‌ನಲ್ಲಿ ಒಂದು ಹೆಚ್ಚಿನ ವಿಷಯ ಮಕ್ಸ್ ಸ್ವಿಚ್. ಅದಿಲ್ಲದಿದ್ದರೆ ದೊಡ್ಡ ಜಿಪಿಯು ಬಿಡಿಸಿದ ಫ್ರೇಮ್ ಸಿಪಿಯು ಜೊತೆಗಿನ ಗ್ರಾಫಿಕ್ಸ್ ಮೂಲಕ ಸುತ್ತಿ ಪರದೆಗೆ ಬರುತ್ತದೆ, ತಡವೂ ಸೇರುತ್ತದೆ. ಸ್ವಿಚ್ ಇದ್ದರೆ ಆಡುವಾಗ ಡಿಸ್ಕ್ರೀಟ್ ಜಿಪಿಯು ಕಡೆಗೆ ತಿರುಗಿಸಿ.

ಪಿಎಸ್5ಗೆ 2022ರ ಏಪ್ರಿಲ್‌ನಲ್ಲಿ ವಿಆರ್‌ಆರ್ ಬಂತು, 48ರಿಂದ 120 ಹರ್ಟ್ಸ್‌ವರೆಗೆ, ಎಚ್‌ಡಿಎಂಐ 2.1 ಇರುವ ಪರದೆಗಳಲ್ಲಿ ಮಾತ್ರ. ಟಿವಿಗೆ ಜೋಡಿಸಿದ್ದರೆ ಗೇಮ್ ಮೋಡ್ ಹಾಕಿ. ಟಿವಿಗಳು ಚಿತ್ರ ಚಂದ ಮಾಡಲು ತಗೊಳ್ಳುವ ಹೊತ್ತಿನ ಮುಂದೆ ಇಲ್ಲಿ ಹೇಳಿದ ತಡಗಳೆಲ್ಲಾ ಚಿಲ್ಲರೆ.

8000 ಹರ್ಟ್ಸ್ ಮೌಸ್ ತಗೊಳ್ಳಲಾ?

125 ಹರ್ಟ್ಸ್ ಮೌಸ್ 8 ಮಿಲಿಸೆಕೆಂಡಿಗೆ ಒಮ್ಮೆ ವರದಿ ಕೊಡುತ್ತದೆ, 1000 ಹರ್ಟ್ಸ್‌ನದ್ದು 1 ಮಿಲಿಸೆಕೆಂಡಿಗೆ. ಅಲ್ಲಿಗೆ ದೊಡ್ಡ ಲಾಭ ಮುಗಿಯಿತು. 8000ರಲ್ಲಿ ಸಿಪಿಯು ಮೇಲೆ ಹೊರೆ ಬಿದ್ದು ಕೆಲವು ಆಟಗಳು ತಡವರಿಸುತ್ತವೆ. 1000 ಸಾಕು.

ಎಲ್ಲಾ ಮಾಡಿದೆ. ಆದರೂ ನಾನು ಮೊದಲು ಗುಂಡು ಹೊಡೆದರೂ ನಾನೇ ಸಾಯುತ್ತೇನೆ!

ಅದು ನೆಟ್‌ವರ್ಕ್ ಲ್ಯಾಗ್ ಇರಬಹುದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ವ್ಯಾಲೊರಂಟ್ ಆಡುವಾಗ ಮುಂಬೈ ಸರ್ವರ್ ಆಯ್ಕೆ ಆಗಿದೆಯೇ, ಸಿಂಗಪುರಕ್ಕೆ ಹೋಗಿದೆಯೇ ನೋಡಿ. ವೈಫೈ ಬಿಟ್ಟು ಕೇಬಲ್ ಹಾಕಿ. ಗುರುತು ಹಿಡಿಯುವುದು ಸುಲಭ. ಇಂಟರ್ನೆಟ್ ಬೇಡದ ಆಟದಲ್ಲೂ, ಬರೀ ಸುತ್ತ ನೋಡುವಾಗಲೂ ಮೌಸ್ ಭಾರ ಅನ್ನಿಸಿದರೆ ಇನ್‌ಪುಟ್ ಲ್ಯಾಗ್. ನೋಡುವುದು ಹಗುರವಾಗಿದ್ದು, ಹೊಡೆದದ್ದು ಮಾತ್ರ ಲೆಕ್ಕಕ್ಕೆ ಬರದಿದ್ದರೆ ನೆಟ್‌ವರ್ಕ್.

ಸೆಟ್ಟಿಂಗ್ ನಿಜವಾಗಿ ಕೆಲಸ ಮಾಡುತ್ತಿದೆ ಅಂತ ಹೇಗೆ ತಿಳಿಯುವುದು?

ಮಾನಿಟರ್‌ನ ಮೆನುವಿನಲ್ಲಿ ರಿಫ್ರೆಶ್ ರೇಟ್ ತೋರಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಆಡುವಾಗ ಆ ಸಂಖ್ಯೆ ಎಫ್‌ಪಿಎಸ್ ಜೊತೆಗೇ ಏರಿಳಿಯುತ್ತಿದ್ದರೆ ವಿಆರ್‌ಆರ್ ನಡೆಯುತ್ತಿದೆ. 144ರಲ್ಲೇ ಕದಲದೆ ನಿಂತಿದ್ದರೆ ನಡೆಯುತ್ತಿಲ್ಲ. ಆಮೇಲೆ ಆರ್‌ಟಿಎಸ್‌ಎಸ್‌ನಲ್ಲಿ ಎಫ್‌ಪಿಎಸ್ ಸಂಖ್ಯೆ ಬಿಟ್ಟು ಫ್ರೇಮ್ ಟೈಮ್ ಗ್ರಾಫ್ ನೋಡಿ. ಗೆರೆ ಚಪ್ಪಟೆ ಇರಬೇಕು. ಮುಳ್ಳು ಮುಳ್ಳಾಗಿ ಏಳುತ್ತಿದ್ದರೆ ಅದು ಮಾನಿಟರ್ ಕಡೆಯ ತೊಂದರೆ ಅಲ್ಲ. ರ‍್ಯಾಮ್ ಸಾಲುತ್ತಿಲ್ಲ, ಶೇಡರ್ (ಚಿತ್ರ ಬಿಡಿಸಲು ಜಿಪಿಯು ಬಳಸುವ ಸಣ್ಣ ಪ್ರೋಗ್ರಾಂ) ತಯಾರಾಗುತ್ತಿದೆ, ಇಲ್ಲವೇ ಹಿಂದೆ ಯಾವುದೋ ಅಪ್‌ಡೇಟ್ ಇಳಿಯುತ್ತಿದೆ. ಓವರ್‌ಡ್ರೈವ್ ಮತ್ತು ಸ್ಟ್ರೋಬಿಂಗ್ ನೋಡಲು ಟೆಸ್ಟ್‌ಯುಎಫ್‌ಒ ಸೈಟ್ ತೆರೆದು, ಒಂದೊಂದೇ ಮೆಟ್ಟಿಲು ಬದಲಿಸುತ್ತಾ ಅಲ್ಲಿ ಓಡುವ ಹಾರುವ-ತಟ್ಟೆಯ ಚಿತ್ರವನ್ನು ಕಣ್ಣಿನಿಂದ ಹಿಂಬಾಲಿಸಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು ಅಂತ ನಿಮಗೇ ಗೊತ್ತಾಗುವುದಿಲ್ಲ.